ಹನ್ನೊಂದು ಗಂಟೆಯ ಕಾಫಿ

ಸ್ಟೌಫ್‌ವಿಲ್, ಒಂಟಾರಿಯೊ
9 ಮಾರ್ಚ್ 2024

ಕೋಕಿಲಾ ಅವರಿಗೆ ಮಾಧುರಿಯ ನಮಸ್ಕಾರ.

ನೀವು ಕಳಿಸಿದ ಕಾಫಿ ನಮೂನೆಯ ಚೀಲ ನಿನ್ನೆ ಕೈಸೇರಿತು. ನಿಮ್ಮ ಸಂಘದವರು ಇಷ್ಟು ದಿನ ಇಂಗ್ಲಿಷಿನಲ್ಲಿ ಎರಡು ಸಾಲು ಟೈಪು ಮಾಡಿ ಕಳಿಸುತ್ತಿದ್ದರು. ಈ ಸಲ ಬೀಜದ ಜೊತೆ ದುಂಡಗಿನ ಕನ್ನಡ ಅಕ್ಷರ ಕಂಡು ಎಷ್ಟು ಖುಷಿಯಾಯಿತೆಂದರೆ, ಬೀಜ ಹುರಿಯುವುದು ಬಿಟ್ಟು ಚೀಟಿ ಓದುತ್ತ ನಿಂತೆ. ಇನ್ನು ಮುಂದೆ ನಾವಿಬ್ಬರೂ ಕನ್ನಡದಲ್ಲೇ ಬರೆದುಕೊಳ್ಳೋಣ.

ನಾನು ಧಾರವಾಡದವಳು. ಟೊರಾಂಟೊದಿಂದ ಉತ್ತರಕ್ಕೆ, ರೈಲಿನ ಕೊನೆಯ ನಿಲ್ದಾಣಗಳಲ್ಲಿ ಒಂದಾದ ಈ ಊರಿನಲ್ಲಿ ಬಾಡಿಗೆ ಮಳಿಗೆ ಹಿಡಿದು ಕಾಫಿ ಹುರಿದು ಮಾರುತ್ತೇನೆ. ಧಾರವಾಡದವರು ಚಹಾದ ಜನ. ನನ್ನ ಗಂಡ ನಿಜಗುಣ ಇವತ್ತಿಗೂ "ಕಾಫಿ ನೀ ಬೇಕಾದಷ್ಟು ಹುರಕೋ, ನನಗ ಮಾತ್ರ ಚಾ ಮಾಡಿಕೊಡು" ಎನ್ನುತ್ತಾರೆ. ಮನೆ ಗೆಲ್ಲಲಾಗದಿದ್ದರೂ ಊರು ಗೆಲ್ಲಲು ಹೊರಟಿದ್ದೇನೆ, ನೋಡಿ.

ನಿಮ್ಮ ಬೀಜ ಬಹಳ ಚೆನ್ನಾಗಿದೆ. ಈ ವರ್ಷದ್ದೆಲ್ಲ ನಿಮ್ಮ ಸಂಘದಿಂದಲೇ ತರಿಸಬೇಕೆಂದು ನಮ್ಮ ಆಮದುದಾರರಿಗೆ ಹೇಳಿದ್ದೇನೆ. ಹೊಸ ಪೊಟ್ಟಣ ಅಚ್ಚು ಹಾಕಿಸುತ್ತಿದ್ದೇನೆ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ನಿಮ್ಮದೊಂದು ಫೋಟೊ ಬೇಕು. ಫೇರ್ ಟ್ರೇಡ್ ಎಂದರೆ ನಿಮ್ಮಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ನಾಲ್ಕು ಮಾತೂ ಬೇಕು. ಇಲ್ಲಿಯ ಗಿರಾಕಿಗಳು ಮುದ್ರೆ ನೋಡಿ ಕೊಳ್ಳುತ್ತಾರೆ; ಅದರ ಅರ್ಥ ಕೇಳಿದರೆ ನಾನೇ ತಡವರಿಸುತ್ತೇನೆ.

ಕಣದಲ್ಲಿ ಕೂತು ಬೀಜ ಆರಿಸುವ ಹೆಂಗಸರಿಗೆ ಹನ್ನೊಂದು ಗಂಟೆಗೆ ಕಾಫಿ ಕೊಡುತ್ತಿರಬೇಕಲ್ಲ, ಅದನ್ನು ಹೇಗೆ ಮಾಡುತ್ತೀರಿ? ಬೆಲ್ಲವೋ ಸಕ್ಕರೆಯೋ? ಅದನ್ನೂ ಪೊಟ್ಟಣದ ಮೇಲೆ ಹಾಕಿಸುವ ಆಸೆ.

ನಿಮ್ಮ ಅಕ್ಷರಕ್ಕಾಗಿ ಕಾಯುವ,
ಮಾಧುರಿ

•

ಕೆಂಚನಗುಡ್ಡ, ಸಕಲೇಶಪುರ ತಾಲ್ಲೂಕು
26 ಮಾರ್ಚ್ 2024

ಮಾನ್ಯ ಮಾಧುರಿ ಮೇಡಂ ಅವರಿಗೆ,

ನಾನು ಸಂಘದ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಬೀಜ ಆರಿಸುವ ಕಣದ ಉಸ್ತುವಾರಿಯೂ ನನ್ನದೇ. ಮನೆಯಲ್ಲಿ ಎರಡೂವರೆ ಎಕರೆ ತೋಟ. ಇಲ್ಲಿ ಎಲ್ಲರದೂ ಅಷ್ಟಿಷ್ಟೇ. ದೊಡ್ಡ ಎಸ್ಟೇಟಿನವರಿಗೆ ನಮ್ಮ ಸಂಘದಲ್ಲಿ ಜಾಗವಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಮೊದಲು ನಾವೆಲ್ಲ ನಮ್ಮ ನಮ್ಮ ಮೂಟೆಯನ್ನು ವ್ಯಾಪಾರಿಗೆ ಬೇರೆ ಬೇರೆಯಾಗಿ ಕೊಡುತ್ತಿದ್ದೆವು. ಅವನು ಹೇಳಿದ್ದೇ ಬೆಲೆ. ಈಗ ಒಟ್ಟಿಗೆ ಸಂಸ್ಕರಿಸಿ, ಒಟ್ಟಿಗೆ ಮಾರುತ್ತೇವೆ. ಪೇಟೆಯಲ್ಲಿ ಬೆಲೆ ಎಷ್ಟೇ ಬಿದ್ದರೂ ನಿಮ್ಮಂಥ ಕೊಳ್ಳುವವರು ಒಂದು ಕನಿಷ್ಠ ಬೆಲೆಗಿಂತ ಕೆಳಗೆ ಇಳಿಯುವಂತಿಲ್ಲ. ಪೇಟೆ ಏರಿದರೆ ಏರಿದ ಬೆಲೆಯೇ ಸಿಗಬೇಕು. ಅದರ ಮೇಲೆ ಪ್ರೀಮಿಯಂ ಎಂದು ಇನ್ನಷ್ಟು ಬರುತ್ತದೆ. ಅದು ಸಂಘದ ಖಾತೆಗೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಿ, ಅದು ಯಾವುದಕ್ಕೆ ಖರ್ಚಾಗಬೇಕೆಂದು ನಾವೇ ಕೈ ಎತ್ತಿ ತೀರ್ಮಾನಿಸುತ್ತೇವೆ. ಕೊಳ್ಳುವವರು ಇದಕ್ಕೇ ಖರ್ಚು ಮಾಡಿ ಎನ್ನುವಂತಿಲ್ಲ, ಸರ್ಕಾರವೂ ಎನ್ನುವಂತಿಲ್ಲ. ಹೊರಗಿನಿಂದ ತಪಾಸಣೆಯವರು ಬಂದು ಎಲ್ಲವನ್ನೂ ನೋಡಿಹೋಗುತ್ತಾರೆ.

ಬೀಜ ಆರಿಸುವ ಹೊತ್ತಿನಲ್ಲಿ ಇಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಆ ಪದ್ಧತಿ ಇಲ್ಲ.

ಫೋಟೊ ಇಟ್ಟಿದ್ದೇನೆ. ತಂಗಿಯ ಮದುವೆಯಲ್ಲಿ ತೆಗೆದದ್ದು.

ಇತಿ ವಿಶ್ವಾಸಿ,
ಕೋಕಿಲಾ ಗಿರೀಶ್

•

ಸ್ಟೌಫ್‌ವಿಲ್
14 ಸೆಪ್ಟೆಂಬರ್ 2024

ಪ್ರಿಯ ಕೋಕಿಲಾ,

ಪೊಟ್ಟಣ ಬಂದಿದೆ! ಒಂದನ್ನು ನಿಮಗೂ ಕಳಿಸಿದ್ದೇನೆ. ಇಂಗ್ಲಿಷ್ ಬದಿಯಲ್ಲಿ ನಿಮ್ಮ ಫೋಟೊ, ರೇಷ್ಮೆ ಸೀರೆಯಲ್ಲಿ ಲಕ್ಷಣವಾಗಿದ್ದೀರಿ. ಕನ್ನಡದ ಬದಿಯಲ್ಲಿ ಹೀಗಿದೆ: "ಪ್ರೀಮಿಯಂ ಹಣ ಯಾವುದಕ್ಕೆ ಬಳಕೆಯಾಗಬೇಕೆಂದು ಕೋಕಿಲಾ ಮತ್ತು ಅವರ ಸಂಘದ ರೈತರು ತಾವೇ ಕೈ ಎತ್ತಿ ತೀರ್ಮಾನಿಸುತ್ತಾರೆ."

ಟೊರಾಂಟೊದ ಜೆರಾರ್ಡ್ ಇಂಡಿಯಾ ಬಜಾರಿನ ಅಂಗಡಿಯಲ್ಲಿ ಹಪ್ಪಳದ ಪಕ್ಕ ನಿಮ್ಮ ಮುಖ ನಗುತ್ತಿದೆ. ಕೆಲಸದ ನಡುವೆ ಒಂದು ಗುಟುಕು ಕಾಫಿಯನ್ನೂ ಮುಟ್ಟದ ಹೆಂಗಸರ ಕತೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದೇನೆ. ಎಂಥ ಶ್ರದ್ಧೆ ನಿಮ್ಮವರದು! ನಮ್ಮ ಆಫೀಸುಗಳಲ್ಲಿ ಕೆಲಸ ಮಾಡುವುದೇ ಕಾಫಿಯ ನಡುವೆ.

ನಾರ್ತ್ ಯಾರ್ಕಿನಲ್ಲಿ ರಾಜಲಕ್ಷ್ಮಿ ಎಂಬ ಗಿರಾಕಿ ಇದ್ದಾರೆ. ಮೈಸೂರಿನವರು, ರಿಟೈರಾದ ಎಂಜಿನಿಯರು. ಯಾವುದನ್ನೂ ಸುಮ್ಮನೆ ಒಪ್ಪುವ ಜೀವವಲ್ಲ. ಪೊಟ್ಟಣ ಓದಿದವರೇ ಕೇಳಿದರು: "ಅಲ್ರೀ ಮಾಧುರಿ, ಈ ಕೋಕಿಲಾ ಯಾವುದಕ್ಕೆ ವೋಟ್ ಮಾಡಿದ್ರು? ಬರ್ದಿದ್ದೀರಿ ಅಂದ್ಮೇಲೆ ಗೊತ್ತಿರ್ಬೇಕಲ್ಲ ನಿಮ್ಗೆ."

ನನಗೆ ಗೊತ್ತಿರಲಿಲ್ಲ. ತಿಳಿಸುತ್ತೀರಾ? ಒಂದು ಸಲಹೆಯೂ ಇದೆ. ನಿಮ್ಮ ಊರಿನ ಶಾಲೆಗೆ ಒಂದು ಗ್ರಂಥಾಲಯ ಮಾಡಿದರೆ ಹೇಗೆ? ನೀವು ಒಪ್ಪಿದರೆ ಪುಸ್ತಕಗಳನ್ನು ನಾವು ಇಲ್ಲಿಂದ ಕೊಡಿಸುತ್ತೇವೆ.

ಪ್ರೀತಿಯಿಂದ,
ಮಾಧುರಿ

•

ಕೆಂಚನಗುಡ್ಡ
6 ಅಕ್ಟೋಬರ್ 2024

ಮಾನ್ಯ ಮೇಡಂ,

ಪೊಟ್ಟಣ ತಲುಪಿತು. ಮನೆಯಲ್ಲಿ ಮಾವನವರಿಗೆ, ಅತ್ತೆಗೆ ಫೋಟೊ ಇರುವ ಬದಿಯನ್ನು ತೋರಿಸಿದೆ. "ಕೆನಡಾದಲ್ಲಿ ನಮ್ ಸೊಸೆ" ಎಂದು ಮಾವ ಎಲ್ಲರ ಮುಂದೆ ಹೇಳಿಕೊಂಡು ಬಂದರು. ಕನ್ನಡದ ಬದಿಯನ್ನು ನಾನು ಒಬ್ಬಳೇ ಓದಿದೆ.

ಈ ವರ್ಷದ ಸಭೆ ಕಳೆದ ತಿಂಗಳ ಕೊನೆಗೆ ಆಯಿತು. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು ಒಣಗಲು ಹಾಕಿದ ಕಾಫಿ ಕೆಡುವುದರಿಂದ, ಕಣಕ್ಕೆ ಮೇಲುಹೊದಿಕೆ ಹಾಕಿಸಬೇಕೆಂದು ತೀರ್ಮಾನವಾಯಿತು. ಅದು ಬೇಕಾದದ್ದೇ.

ಗ್ರಂಥಾಲಯ ಒಳ್ಳೆಯ ವಿಚಾರ. ಅಧ್ಯಕ್ಷರಾದ ಆನಂದಕುಮಾರರಿಗೆ ತಿಳಿಸಿದ್ದೇನೆ.

ಇತಿ,
ಕೋಕಿಲಾ

•

ಸ್ಟೌಫ್‌ವಿಲ್
18 ಜನವರಿ 2025

ಪ್ರಿಯ ಕೋಕಿಲಾ,

ಸಂಕ್ರಾಂತಿಯ ಎಳ್ಳು ಬೆಲ್ಲ ಪತ್ರದಲ್ಲೇ ತೆಗೆದುಕೊಳ್ಳಿ. ಹೊರಗೆ ಮೊಣಕಾಲುದ್ದ ಹಿಮ. ಮಳಿಗೆಯ ಬಾಗಿಲು ತೆಗೆಯಲು ನಿಜಗುಣ ಸಲಿಕೆ ಹಿಡಿದು, "ನಿನ್ನ ಕಾಫಿ ಸಲವಾಗಿ ನಾ ಹಮಾಲ ಆದೆ" ಎಂದು ಗೊಣಗುತ್ತಲೇ ದಾರಿ ಮಾಡಿಕೊಟ್ಟರು.

ಕಾಫಿ ಬೆಲೆ ಗಗನಕ್ಕೇರಿದೆ ಎಂದು ಓದುತ್ತಿದ್ದೇನೆ. ವ್ಯಾಪಾರಿಗಳು ಮನೆಬಾಗಿಲಿಗೇ ನಗದು ಹಿಡಿದು ಬರುತ್ತಾರಂತೆ, ನಿಜವೇ? ನಿಮ್ಮ ಸದಸ್ಯರು ಅವರಿಗೇ ಕೊಟ್ಟುಬಿಟ್ಟರೆ ಸಂಘಕ್ಕೂ ನನಗೂ ಏನು ಉಳಿಯುತ್ತದೆ? ಇದು ಬರೀ ವ್ಯಾಪಾರದ ಪ್ರಶ್ನೆ, ತಪ್ಪು ತಿಳಿಯಬೇಡಿ.

ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಗ್ರಂಥಾಲಯದ ವಿಷಯ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಆಗಲೇ ಎರಡು ಪೆಟ್ಟಿಗೆ ಪುಸ್ತಕ ಬಂದಿವೆ. ರಾಜಲಕ್ಷ್ಮಿಯವರು ಮಾತ್ರ ತಟ್ಟೆ ಹಿಡಿದು ಹತ್ತಿರ ಬಂದು, "ಹೊದಿಕೆ ಅಂತ ಸಭೆ ತೀರ್ಮಾನ ಮಾಡ್ತು, ಸರಿ. ಕೋಕಿಲಾ ಯಾವುದಕ್ಕೆ ಕೈ ಎತ್ತಿದ್ರು? ಅದನ್ನಲ್ವೇ ನಾನು ಕೇಳಿದ್ದು?" ಎಂದರು. ಅವರ ಕಾಟ ತಪ್ಪಿಸಲಿಕ್ಕಾದರೂ ಒಂದು ಸಾಲು ಬರೆಯಿರಿ.

ಮಾಧುರಿ

•

ಕೆಂಚನಗುಡ್ಡ
3 ಫೆಬ್ರವರಿ 2025

ಮಾನ್ಯ ಮಾಧುರಿ ಮೇಡಂ,

ವ್ಯಾಪಾರಿಗಳು ಬಂದದ್ದು ನಿಜ. ಕೆಲವರು ಅವರಿಗೆ ಕೊಟ್ಟರು. ನಮ್ಮ ಮಾವ ಕೊಡಲಿಲ್ಲ. "ಬೆಲೆ ಬಿದ್ದಿದ್ ವರ್ಷ ಇವ್ನು ಎಲ್ಲಿದ್ದ? ಸಂಘ ಇತ್ತು" ಎಂದು ಜೀಪನ್ನು ತಿರುಗಿಸಿ ಕಳಿಸಿದರು. ಸಂಘವೂ ಏರಿದ ಬೆಲೆಯನ್ನೇ ಕೊಡುತ್ತದೆ, ಆದರೆ ಮಾರಾಟವಾದ ಮೇಲೆ, ಕಾಯಬೇಕು. ಹೆಚ್ಚಿನವರು ಕಾದಿದ್ದಾರೆ. ನಿಮ್ಮ ಮೂಟೆಗಳಿಗೆ ತೊಂದರೆಯಿಲ್ಲ.

ರಾಜಲಕ್ಷ್ಮಿಯವರ ಪ್ರಶ್ನೆಗೆ ಉತ್ತರ: ನಾನು ಯಾವುದಕ್ಕೂ ಕೈ ಎತ್ತಿಲ್ಲ. ನನಗೆ ಮತವಿಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಸಂಘದ ಸದಸ್ಯರು. ನಮ್ಮ ತೋಟ ಮಾವನವರ ಹೆಸರಿನಲ್ಲಿದೆ. ಹಣ್ಣು ಕೊಯ್ಯುವವಳು, ಒಣಗಿಸುವವಳು, ಆರಿಸುವವಳು ನಾನು. ಸಭೆಯ ನಡಾವಳಿ ಬರೆಯುವವಳೂ ನಾನೇ. ಯಾರು ಯಾವುದಕ್ಕೆ ಕೈ ಎತ್ತಿದರು ಎಂದು ಎಣಿಸಿ ಬರೆಯುತ್ತೇನೆ. ಬರೆಯುವ ಕೈಯನ್ನು ಎತ್ತುವಂತಿಲ್ಲ.

"ನಾವು" ಎಂದು ಬರೆದಿದ್ದೆ. ನೀವು ಅದರಲ್ಲಿ ನನ್ನನ್ನೂ ಸೇರಿಸಿಕೊಂಡಿರಿ. ಅಚ್ಚಾದ ಸಾಲು ಓದಿದಾಗ ಆಗಲೇ ತಿಳಿಸಬೇಕಿತ್ತು. ಆದರೆ ಓದುತ್ತಿದ್ದಂತೆ ಅದು ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿಬಿಟ್ಟಿತು. ನನಗೆ ಆ ಮತ ಬೇಕು ಮೇಡಂ. ಇದನ್ನು ನನ್ನ ಗಂಡ ಗಿರೀಶನಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಕೋಕಿಲಾ

•

ಸ್ಟೌಫ್‌ವಿಲ್
22 ಫೆಬ್ರವರಿ 2025

ಕೋಕಿಲಾ ಅವರಿಗೆ,

ನಿಮ್ಮ ಪತ್ರ ಓದಿದೆ. ನನಗೆ ಬೇಸರವಾಗಿದೆ, ಮುಚ್ಚಿಡುವುದಿಲ್ಲ. ನಾನು ಊರೆಲ್ಲ ಸಾರಿಕೊಂಡು ಬಂದ ಮಾತು ಸುಳ್ಳೆಂದು ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದಿರಿ. ನನ್ನ ಹೆಸರಿನಲ್ಲಿ ಮಾರಾಟವಾಗುವ ವಸ್ತು ಅದು. ಸುಳ್ಳು ಹೇಳುವ ಪೊಟ್ಟಣಕ್ಕೆ ಮುದ್ರೆ ಯಾಕೆ?

ಮಗಳು ತೃಪ್ತಿಗೆ ಹೇಳಿದೆ. ಅವಳು ತಲೆಯನ್ನೂ ಎತ್ತದೆ, "ಅಮ್ಮಾ, ಇಟ್ಸ್ ನಾಟ್ ಟ್ರೂ, ಸೋ ಕವರ್ ಇಟ್" ಎಂದಳು. ಇಬ್ಬರೂ ಕೂತು ಆ ಸಾಲಿನ ಮೇಲೆ ಬಿಳಿಯ ಸ್ಟಿಕ್ಕರು ಅಂಟಿಸಿದ್ದೇವೆ. ನಿಮ್ಮ ಕಚೇರಿಯ ಕಡತಕ್ಕಾಗಿ ಅಂಥದೊಂದು ಪೊಟ್ಟಣ ಕಳಿಸುತ್ತಿದ್ದೇನೆ.

ಖರೀದಿಯಲ್ಲಿ ಬದಲಾವಣೆ ಇಲ್ಲ.

ಮಾಧುರಿ

•

ಕೆಂಚನಗುಡ್ಡ
20 ಜುಲೈ 2025

ಮಾಧುರಿ ಅಕ್ಕನಿಗೆ,

ಐದು ತಿಂಗಳು ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ, ಆಮೇಲೆ ಪುರುಸೊತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೆ ಮೇಡಂ ಎನ್ನಲು ಮನಸ್ಸಾಗದೆ ಅಕ್ಕ ಎಂದಿದ್ದೇನೆ. ತಪ್ಪಾಗಿದ್ದರೆ ಹೇಳಿ.

ನಿಮ್ಮ ಸ್ಟಿಕ್ಕರಿನ ಪೊಟ್ಟಣವನ್ನು ಮನೆಗೆ ತಂದಿದ್ದೆ. ಮೊದಲ ಪೊಟ್ಟಣದಲ್ಲಿ ಕನ್ನಡದ ಬದಿಯನ್ನು ತಿರುಗಿಸಿಯೂ ನೋಡದಿದ್ದ ಮಾವ, ಇದನ್ನು ಕೈಗೆತ್ತಿಕೊಂಡವರೇ, "ಇದೇನವ್ವ, ಕೆನಡಾದವ್ರು ತೇಪೆ ಹಾಕವ್ರೆ?" ಎಂದರು. ಮುಚ್ಚಿದ್ದನ್ನು ಕಂಡರೆ ಕೆರೆಯದೆ ಬಿಡುವವರಲ್ಲ. ಉಗುರಿನಿಂದ ಕಿತ್ತು, ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರವಾಗಿ ಜೋರಾಗಿ ಓದಿದರು. ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತು.

"ನೀನ್ಯಾವಾಗವ್ವ ಕೈ ಎತ್ತಿದ್ದು?"

"ಎತ್ತಿಲ್ಲ ಮಾವ. ಅದಕ್ಕೇ ಮುಚ್ಚಿರೋದು."

ಅಷ್ಟಕ್ಕೇ ಬಿಡಬಹುದಿತ್ತು. ಬಾಯಿ ಬಿಟ್ಟೇಬಿಟ್ಟೆ: "ಅದನ್ನ ನಿಜ ಮಾಡಿಕೊಡಿ ಮಾವ. ಸ್ವಲ್ಪ ಜಾಗ ನನ್ನ ಹೆಸರಿಗೆ ಮಾಡಿದ್ರೆ ನಾನೂ ಮೆಂಬರ್ ಆಗ್ತೀನಿ."

ಮಾವ ಚಪ್ಪಲಿ ಮೆಟ್ಟಿ ತೋಟಕ್ಕೆ ಹೋದರು. ಗಿರೀಶ, "ಅಕ್ಕಂದಿರು ಕೇಳಿದ್ರೆ ಏನು ಹೇಳ್ಲಿ? ಸೊಸೆಗೆ ಕೊಟ್ಟು ಮಕ್ಕಳಿಗೆ ಇಲ್ವಾ ಅಂತಾರೆ" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು, ಅದೇ ನನ್ನ ಸಂಕಟ. ಬೇಸಿಗೆಯಿಡೀ ಮನೆಯಲ್ಲಿ ಉಪ್ಪು ಕೊಡು, ಖಾರ ಕೊಡು ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಕೊನೆಗೆ ಬಾಯಿ ತೆಗೆದದ್ದು ಅತ್ತೆ. ಊಟಕ್ಕೆ ಬಡಿಸುತ್ತ, "ಮದ್ವೆ ಆಗಿ ಬಂದಾಗಿಂದ ಈ ತೋಟದಲ್ಲಿ ಹಣ್ಣು ಕೊಯ್ದಿದ್ದೀನಿ. ಒಂದು ಕಾಗ್ದದಲ್ಲಾದ್ರೂ ನನ್ನೆಸ್ರು ಐತಾ? ಇವ್ಳದ್ದಾದ್ರೂ ಇರ್ಲಿ. ಹೆಣ್ಮಕ್ಕಳಿಗೆ ನಾನು ಹೇಳ್ತೀನಿ" ಎಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲವನ್ನು ಅತ್ತೆಯೇ ಕೈಹಿಡಿದು ಒಳಗೆ ಕರೆದುಕೊಂಡು ಬಂದರು. ನನಗೆ ಅಳು ಬಂತು, ಅತ್ತೆ ಸಾರು ಬಡಿಸಿದರು. ಮಾತಿನಂತೆ ಮಾರನೇ ದಿನವೇ ಫೋನು ಹಚ್ಚಿ ಇಬ್ಬರು ಹೆಣ್ಣುಮಕ್ಕಳನ್ನೂ ಒಪ್ಪಿಸಿದರು.

ರಸ್ತೆಬದಿಯ ಇಪ್ಪತ್ತು ಗುಂಟೆ ಈಗ ನನ್ನ ಹೆಸರಿನಲ್ಲಿದೆ. ಸದಸ್ಯತ್ವಕ್ಕೆ ಅರ್ಜಿ ಕೊಟ್ಟು, ಅದೂ ಮಂಜೂರಾಯಿತು. ಸೆಪ್ಟೆಂಬರಿನ ಸಭೆಗೆ ನಾನು ಸದಸ್ಯೆಯಾಗಿ ಹೋಗುತ್ತೇನೆ.

ನಿಮ್ಮ ಬೇಸರ ಇಳಿದಿದೆಯೇ?

ನಿಮ್ಮ,
ಕೋಕಿಲಾ

•

ಸ್ಟೌಫ್‌ವಿಲ್
9 ಆಗಸ್ಟ್ 2025

ನನ್ನ ಕೋಕಿಲಾ,

ಅಕ್ಕ ಎಂದಿರಲ್ಲ, ಅಲ್ಲಿಗೇ ಬೇಸರವೆಲ್ಲ ಇಳಿಯಿತು. ಇನ್ನು ಮೇಲೆ ನಾನು ನಿನಗೆ ಬಹುವಚನ ಹಚ್ಚುವುದಿಲ್ಲ.

ನಿನ್ನ ಪತ್ರವನ್ನು ಊಟದ ಮೇಜಿನಲ್ಲಿ ಜೋರಾಗಿ ಓದಿದೆ. ನಿಜಗುಣ ಚಹಾದ ಕಪ್ಪು ಕೆಳಗಿಟ್ಟು, "ಆ ಅತ್ತಿ ಭಾಳ ದೊಡ್ಡಾಕಿ ನೋಡು" ಎಂದರು. ಫೆಬ್ರವರಿಯಲ್ಲಿ ನಾನು ಬರೆದದ್ದು ಒರಟಾಯಿತು. ನೀನು ಮತ ಬೇಕೆಂದು ಬರೆದಿದ್ದೆ. ನಾನು ನನ್ನ ಪೊಟ್ಟಣದ ಮಾನ ನೋಡಿಕೊಂಡೆ.

ಇನ್ನು ಎಲ್ಲ ಕೂಡಿ ಬಂತು! ನಿನ್ನ ಮೊದಲ ಮತ ನಮ್ಮ ಗ್ರಂಥಾಲಯಕ್ಕೆ. ಆನಂದಕುಮಾರರಿಗೂ ಬರೆದಿದ್ದೆ, ಒಪ್ಪಿದ್ದಾರೆ, ಈ ಸಲ ಸಭೆಯಲ್ಲಿ ಇಡುತ್ತಾರಂತೆ. ಪುಸ್ತಕಗಳು ಹನ್ನೆರಡು ಪೆಟ್ಟಿಗೆ ಆಗಿವೆ, ನಮ್ಮ ಬೇಸ್‌ಮೆಂಟಿನಲ್ಲಿ ಕಾಲಿಡಲು ಜಾಗವಿಲ್ಲ. ನೀನು ಕೈ ಎತ್ತಿದ ಫೋಟೊ ಒಂದು ತೆಗೆಸಿ ಕಳಿಸು. ಕೂಟದಲ್ಲಿ ಎಲ್ಲರೂ ಕಾಯುತ್ತಿದ್ದಾರೆ.

ನಿನ್ನ ಅಕ್ಕ,
ಮಾಧುರಿ

•

ಕೆಂಚನಗುಡ್ಡ
28 ಸೆಪ್ಟೆಂಬರ್ 2025

ಮಾಧುರಿ ಅಕ್ಕ,

ನಿನ್ನೆ ಸಭೆ ಆಯಿತು. ಗ್ರಂಥಾಲಯ ಬಿದ್ದುಹೋಯಿತು. ಬೀಳಿಸಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ.

ಬೀಜ ಆರಿಸುವ ಹೊತ್ತಿನಲ್ಲಿ ಇಲ್ಲಿ ಕಾಫಿ ಕುಡಿಯುವ ಪದ್ಧತಿ ಇಲ್ಲ ಎಂದು ಬರೆದಿದ್ದೆ. ನೀವು ಅದನ್ನು ಶ್ರದ್ಧೆ ಎಂದುಕೊಂಡಿರಿ. ಅದು ಶ್ರದ್ಧೆಯಲ್ಲ ಅಕ್ಕ. ಕಣದಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಕಚೇರಿಯ ಹಿಂದೆ ಒಂದು ಇದೆ. ತಪಾಸಣೆಯವರು ಕೇಳಿದಾಗ ಅದನ್ನೇ ತೋರಿಸುತ್ತಾರೆ. ಆದರೆ ಅಲ್ಲಿಗೆ ಹೋಗಬೇಕಾದರೆ ತೂಕದ ಕೋಣೆ ದಾಟಿ, ಲಾರಿಯವರ, ಮೂಟೆ ಹೊರುವವರ ನಡುವೆ ಹಾದು ಹೋಗಬೇಕು. ಬಾಗಿಲೂ ಅವರ ಕಡೆಗೇ ತೆರೆಯುತ್ತದೆ. ಯಾರೂ ಹೋಗುವುದಿಲ್ಲ. ಆದ್ದರಿಂದ ಬೆಳಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವ ತನಕ ಕಾಫಿ ಹಾಗಿರಲಿ, ನೀರನ್ನೂ ಕುಡಿಯುವುದಿಲ್ಲ. ನಾನೂ ಅವರಲ್ಲಿ ಒಬ್ಬಳು. ನಿಮಗೆ ಆಗ ಬರೆಯಲು ನಾಚಿಕೆಯಾಯಿತು. ಕಾಫಿ ಕೊಳ್ಳುವವರಿಗೆ ಇದನ್ನೆಲ್ಲ ಹೇಗೆ ಬರೆಯುವುದು?

ಸಭೆಯಲ್ಲಿ ಆನಂದಕುಮಾರರು ಗ್ರಂಥಾಲಯದ ವಿಷಯ ಇಟ್ಟರು, ಎಲ್ಲರೂ ತಲೆದೂಗಿದರು. ನಾನು ಎದ್ದು ನಿಂತೆ. "ಕಣದಲ್ಲಿ ಹೆಂಗಸ್ರು ದಿನವಿಡೀ ಯಾಕೆ ನೀರು ಕುಡಿಯಲ್ಲ ಅಂತ ಯಾರಾದ್ರೂ ಕೇಳಿದ್ದೀರಾ?" ಎಂದು ಶುರುಮಾಡಿ ಎಲ್ಲ ಹೇಳಿದೆ. ಅಧ್ಯಕ್ಷರ ಮುಖ ಕೆಂಪಾಯಿತು. "ಇದನ್ನೆಲ್ಲ ಸಭೇಲಿ ಮಾತಾಡ್ತಾರೇನಮ್ಮ?"

ಹಿಂದಿನ ಸಾಲಿನಿಂದ ನಮ್ಮ ಮಾವ, "ಮಾತಾಡಕ್ಕೇ ಅಲ್ವೇನಯ್ಯ ಸಭೆ ಕರ್ದಿರೋದು?" ಎಂದರು.

ಮೊದಲು ಗ್ರಂಥಾಲಯಕ್ಕೆ ಕೈ ಎತ್ತಿಸಿದರು. ಮಾವನೂ ಎತ್ತಿಬಿಟ್ಟರು! ಅಧ್ಯಕ್ಷರು ಎತ್ತಿದರೆ ಎತ್ತುವುದು ಅವರ ಹಳೆಯ ಚಾಳಿ. ಆಮೇಲೆ ಕಣದ ಪಕ್ಕ ಹೆಂಗಸರಿಗೆ ಶೌಚಾಲಯ, ನೀರಿನ ತೊಟ್ಟಿ. ನಾನು ಕೈ ಎತ್ತಿದೆ. ಮಾವ ಮತ್ತೆ ಎತ್ತಿದರು. ಒಬ್ಬರಿಗೆ ಒಂದೇ ಮತ ಎಂದು ಅಧ್ಯಕ್ಷರು ಆಕ್ಷೇಪ ಮಾಡಿದಾಗ ಮಾವ ಹೇಳಿದ್ದು ಇಡೀ ಸಭೆಯನ್ನು ನಗಿಸಿತು: "ಮೊದಲ್ನೇದು ಅಭ್ಯಾಸ ಕಣಯ್ಯ. ಎರಡ್ನೇದು ಮತ. ಅದನ್ನ ಬರ್ಕೊ."

ಕೆಲವೇ ಕೈಗಳ ಅಂತರದಲ್ಲಿ ನಮ್ಮದು ಗೆದ್ದಿತು. ನಡಾವಳಿಯಲ್ಲಿ ಮೊದಲ ಸಲ ನನ್ನ ಹೆಸರನ್ನೂ ನಾನೇ ಬರೆದೆ.

ನಿಮ್ಮ ಪುಸ್ತಕದ ಪೆಟ್ಟಿಗೆಗಳು ಕಣ್ಣ ಮುಂದೆ ಬರುತ್ತಲೇ ಇದ್ದವು. ಹಾಗಿದ್ದೂ ಕೈ ಎತ್ತಿದೆ. ಫೋಟೊ ಯಾರೂ ತೆಗೆಯಲಿಲ್ಲ.

ನಿಮ್ಮ ತಂಗಿ ಎಂದು ಬರೆಯಬಹುದೇ?
ಕೋಕಿಲಾ

•

ಸ್ಟೌಫ್‌ವಿಲ್
25 ಅಕ್ಟೋಬರ್ 2025

ಕೋಕಿಲಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಹನ್ನೆರಡು ಪೆಟ್ಟಿಗೆ, ಅಷ್ಟು ಜನರ ಚಪ್ಪಾಳೆ! ಆಮೇಲೆ ಅವತ್ತು ಮಳಿಗೆಗೆ ಬಂದವರಿಗೆ ಕಾಫಿ ಕೊಡುತ್ತ ಕೊಡುತ್ತ ಕೈ ನಿಂತುಹೋಯಿತು. ಒಂದೂವರೆ ವರ್ಷ ನಾನು ಬಾಯಾರಿದ ಹೆಂಗಸರನ್ನು ತೋರಿಸಿ ಶ್ರದ್ಧೆ ಶ್ರದ್ಧೆ ಎಂದು ಕಾಫಿ ಮಾರಿದ್ದೇನೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವುದು ನನ್ನಂಥವರಿಗೇ. ನನಗೆ ಬಹಳ ನಾಚಿಕೆಯಾಯಿತು.

ಕೂಟದಲ್ಲಿ ಎಲ್ಲ ಹೇಳಿದೆ. ಕೆಲವರು ಮುಖ ಗಂಟಿಕ್ಕಿದರು, "ಟಾಯ್ಲೆಟ್ಟಿಗೆ ನಮ್ಮ ಕಾಫಿ ದುಡ್ಡಾ?" ಎಂದರು ಒಬ್ಬರು. ರಾಜಲಕ್ಷ್ಮಿಯವರು ಮಾತ್ರ ಕುರ್ಚಿಯಿಂದ ಎದ್ದು, "ನಮ್ಗೆ ಬೇಕಾದ್ದಕ್ಕೇ ಕೈ ಎತ್ತಿದ್ರೆ ನಾನು ನಂಬ್ತಾ ಇರ್ಲಿಲ್ಲ. ನಮ್ಗೆ ಬೇಡವಾದ್ದಕ್ಕೆ ಎತ್ತಿದ್ದಾರೆ ನೋಡಿ, ಈಗ ನಂಬಿದೆ. ಎರಡು ಪೊಟ್ಟಣ ಕೊಡಿ" ಎಂದರು.

ಪುಸ್ತಕಗಳನ್ನು ನಿಮ್ಮ ಶಾಲೆಗೆ ಹಾಗೇ ಕಳಿಸುತ್ತೇವೆ. ಕಪಾಟು ಇಲ್ಲದಿದ್ದರೂ ಮಕ್ಕಳು ಓದುತ್ತಾರೆ.

ತೃಪ್ತಿ ಮಳಿಗೆಯಲ್ಲಿ ಕೂತು ಉಳಿದ ಪೊಟ್ಟಣಗಳ ಸ್ಟಿಕ್ಕರು ಕೀಳುತ್ತಿದ್ದಾಳೆ. ಅಂಟಿಸಿದ್ದಕ್ಕಿಂತ ಕೀಳುವುದು ಕಷ್ಟವಂತೆ. "ಅಮ್ಮಾ, ನೆಕ್ಸ್ಟ್ ಟೈಮ್ ಮೊದಲು ಕೇಳು" ಎಂದಳು, ಅರ್ಧ ಕನ್ನಡದಲ್ಲಿ.

ತಂಗಿ ಎಂದು ಬರೆಯಲು ಅಪ್ಪಣೆ ಕೇಳುವ ತಂಗಿಯನ್ನು ನಾನು ಇವತ್ತೇ ಕಂಡದ್ದು.

ಅಕ್ಕ

•

ಕೆಂಚನಗುಡ್ಡ
19 ಜನವರಿ 2026

ಅಕ್ಕ,

ಕೊಯ್ಲು ಮುಗಿಯುತ್ತ ಬಂತು. ಹೊಸ ಬೆಳೆಯ ನಮೂನೆ ಚೀಲವನ್ನು ಇದರ ಜೊತೆ ಕಳಿಸಿದ್ದೇನೆ. ಈ ಸಲ ಹಣ್ಣು ಚೆನ್ನಾಗಿ ಮಾಗಿತ್ತು, ಹೊದಿಕೆಯ ಕೆಳಗೆ ನಿಧಾನವಾಗಿ ಒಣಗಿದೆ. ನೀವೇ ಕುಡಿದು ಹೇಳಿ. ಪುಸ್ತಕಗಳು ಬಂದಿವೆ. ಶಾಲೆಯವರು ಸದ್ಯಕ್ಕೆ ಬೆಂಚಿನ ಮೇಲೆ ಜೋಡಿಸಿದ್ದಾರೆ.

ಕಣದ ಪಕ್ಕದ ಕಟ್ಟಡ ಕಳೆದ ವಾರ ಮುಗಿಯಿತು. ಒಳಗಿನಿಂದ ಚಿಲಕವಿದೆ, ನಲ್ಲಿಯಲ್ಲಿ ನೀರು ಬರುತ್ತದೆ. ಮೊದಲ ದಿನ ಯಾರೂ ಅತ್ತ ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಕೊನೆಗೆ ನಾನೇ ಎದ್ದು ಹೋಗಿ ಬಂದೆ. ಆಮೇಲೆ ಸಾಲು ನಿಂತಿತು.

ಇವತ್ತು ಹನ್ನೊಂದು ಗಂಟೆಗೆ ಕಣದಲ್ಲಿ ಒಲೆ ಹೂಡಿದೆವು. ನಿಮ್ಮ ಹಳೆಯ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ: ಬೆಲ್ಲ ಹಾಕಿ. ಹಸಿ ಬೀಜವನ್ನು ಬಾಣಲೆಯಲ್ಲೇ ಹುರಿದು, ಒರಳಿಗೆ ಹಾಕಿ ಕುಟ್ಟಿದೆವು. ಆರಿಸುತ್ತಿದ್ದವರೆಲ್ಲ ಎರಡೆರಡು ಲೋಟ ಕುಡಿದರು. ಅತ್ತೆಯೂ ಬಂದಿದ್ದರು, ಮೂರನೆಯ ಲೋಟ ಕೇಳಿದರು.

ನಮೂನೆಯ ಚೀಲ ಸ್ವಲ್ಪ ಹಗುರವಾಗಿದ್ದರೆ ತೂಕ ತಪ್ಪಿದೆ ಎಂದುಕೊಳ್ಳಬೇಡಿ. ಕಡಿಮೆಯಾದದ್ದನ್ನು ನಾವು ಇಲ್ಲೇ ಕುಡಿದೆವು.

ತಂಗಿ,
ಕೋಕಿಲಾ